ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅತ್ತೆ ಕಾಂಪೌಂಡಿನ ಮೇಲಿಂದ ಒಂದು ಹಿಡಿ ಕರಿಬೇವು ಚಾಚುತ್ತ, "ಒಂದು ಗಳಿಗೆ ಬಂದು ಹೋಗಮ್ಮ. ನಿಮ್ಮ ಮಾವ ಆರು ಗಂಟೆಯಿಂದ ಅದರ ಮುಂದೆ ಕೂತಿದಾರೆ, ತಿಂಡಿಗೂ ಏಳ್ತಿಲ್ಲ" ಎಂದರು. ಅವರು ನನಗೆ ನೆಂಟರಲ್ಲ. ಇಪ್ಪತ್ತು ವರ್ಷದ ನೆರೆಹೊರೆ, ಅತ್ತೆ ಮಾವ ಎಂದು ಕರೆದು ರೂಢಿಯಾಗಿದೆ. ಮಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬೀದಿಯವರ ಬಾಯಲ್ಲಿ ಈಗಲೂ ಶಿರಸ್ತೇದಾರರೇ. ಅವರು ಕೂತಿದ್ದುದು ಮಗಳು ಕಳಿಸಿಕೊಟ್ಟ ಪುಟ್ಟ ಸ್ಕ್ಯಾನರಿನ ಮುಂದೆ.

ಇಂಥದನ್ನು ನೀವೂ ನೋಡಿರುತ್ತೀರಿ. ಚಪಾತಿ ಲಟ್ಟಣಿಗೆಯಷ್ಟು ಉದ್ದ, ಅದಕ್ಕಿಂತ ತುಸು ದಪ್ಪ, ಅರ್ಧ ಕಿಲೋ ಕೂಡ ತೂಗದು. ಬೇರೆ ಪ್ಲಗ್ಗು ಬೇಕಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ ಒಂದೇ ವೈರಿನಿಂದ ಕರೆಂಟನ್ನೂ ಪಡೆಯುತ್ತದೆ, ಮಾತನ್ನೂ ಆಡುತ್ತದೆ. ಕಾಗದದ ತುದಿಯನ್ನು ಬಾಯಿಗೆ ಕೊಟ್ಟರೆ ರೋಲರು ಮೆಲ್ಲಗೆ ಎಳೆದುಕೊಳ್ಳುತ್ತದೆ, ಒಳಗಿನ ಸಣ್ಣ ದೀಪಗಳು ಗೆರೆ ಗೆರೆಯಾಗಿ ಅದನ್ನು ಓದುತ್ತವೆ. ಮಾವನಿಗೆ ಅದರ ತುರ್ತು ಇತ್ತು. ಊರಿನಲ್ಲಿ ಅವರ ಅಣ್ಣನ ಮಗ ಜಮೀನಿನ ಪೋಡಿಗೆ ಓಡಾಡುತ್ತಿದ್ದಾನೆ. 1968ರ ಪಾಲುಪಟ್ಟಿಯ ಪ್ರತಿ ಸೋಮವಾರದೊಳಗೆ ಬೇಕಂತೆ. ಮೂಲಪತ್ರ ಇವರ ಕಬ್ಬಿಣದ ಟ್ರಂಕಿನಲ್ಲಿದೆ. ಮಡಿಕೆಯ ಗೆರೆಗಳಲ್ಲಿ ಹರಿಯುತ್ತ ಬಂದಿರುವ ಆ ಕಾಗದವನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಇನ್ನೊಬ್ಬರ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ.

ನಾನು ಹೋದಾಗ ಸ್ಕ್ಯಾನರಿನ ಹಸಿರು ದೀಪ ಉರಿಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. "ದೀಪ ಹತ್ತಿದೆ, ಅಂದಮೇಲೆ ಕೆಟ್ಟಿಲ್ಲ ತಾನೆ?" ಎಂದರು ಮಾವ. ನನ್ನ ಕಣ್ಣು ವೈರಿನ ಮೇಲೆ ಹೋಯಿತು. ಅದು ಡಬ್ಬದಲ್ಲಿ ಬಂದ ಬಿಳಿ ವೈರಲ್ಲ, ಯಾವುದೋ ಹಳೆಯ ಮೊಬೈಲ್ ಚಾರ್ಜರಿನ ಕರಿ ವೈರು. ನೋಡಲು ಎರಡೂ ಒಂದೇ. ಆದರೆ ಇಂಥ ಯುಎಸ್‌ಬಿ ವೈರಿನ ಒಳಗೆ ನಾಲ್ಕು ಎಳೆಗಳಿರಬೇಕು, ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಚಾರ್ಜಿಗೆಂದೇ ಮಾಡಿದ ಎಷ್ಟೋ ವೈರುಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಅನ್ನ ಇಳಿಯುತ್ತದೆ, ಮಾತು ಹೊರಡುವುದಿಲ್ಲ. ಬಿಳಿ ವೈರು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ‘ಟಣ್’ ಎಂದಿತು. ಸಾಧನಗಳ ಪಟ್ಟಿ ತೆರೆದು ನೋಡಿದರೆ ಒಂದು ಹೊಸ ಸಾಲು ಕಾಣಿಸಿಕೊಂಡಿದೆ, ಪಕ್ಕದಲ್ಲಿ ಹಳದಿ ತ್ರಿಕೋನ. ಯಾರೋ ಬಂದಿದ್ದಾರೆ, ಯಾರೆಂದು ಗೊತ್ತಾಗುತ್ತಿಲ್ಲ ಎಂದು ಅದರ ಅರ್ಥ.

"ಡ್ರೈವರ್ ಹಾಕಬೇಕು ಮಾವ" ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇದಕ್ಕೂ ಡ್ರೈವರ್ರಾ? ಇದೇನು ಓಡುತ್ತಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ ಅದು. ಡ್ರೈವರ್ ಎಂದರೆ ಚಾಲಕ ಎಂದು ನಾವು ಪದಕ್ಕೆ ಪದ ಇಟ್ಟುಬಿಟ್ಟಿದ್ದೇವೆ, ಅದರಿಂದ ಅರ್ಥವಾಗುವುದು ಕಡಿಮೆ. ಸ್ಕ್ಯಾನರಿಗೆ ತನ್ನದೇ ಒಂದು ಭಾಷೆ: ರೋಲರು ತಿರುಗಲಿ, ಕೆಂಪು ದೀಪ ಹತ್ತಲಿ, ಈ ಗೆರೆ ಮುಗಿಯಿತು, ಮುಂದಿನದು ಬರಲಿ. ಕಂಪ್ಯೂಟರಿಗೆ ಆ ಭಾಷೆ ತಿಳಿಯದು. ಎರಡನ್ನೂ ಬಲ್ಲ ಒಂದು ಪುಟ್ಟ ತಂತ್ರಾಂಶ ನಡುವೆ ಕೂರಬೇಕು. ಇದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಮಾವ, "ಹಂಗಂದ್ರೆ ದುಭಾಷಿ ಅನ್ನು" ಎಂದರು. ಆಮೇಲೆ ತಮ್ಮ ಕಥೆ ತೆಗೆದರು. ನೌಕರಿಯ ಮೊದಲ ವರ್ಷಗಳಲ್ಲಿ ಅವರನ್ನು ಪಾವಗಡಕ್ಕೆ ಹಾಕಿದ್ದರಂತೆ. ಮೂರು ಕಡೆಯೂ ಆಂಧ್ರ, ಹಳ್ಳಿಗಳಲ್ಲಿ ತೆಲುಗು. ಇವರಿಗೆ ತೆಲುಗಿನ ಗಂಧವಿಲ್ಲ. ಸ್ಥಳ ತನಿಖೆಗೆ ಹೋದಾಗಲೆಲ್ಲ ಒಬ್ಬ ವಯಸ್ಸಾದ ತಳವಾರ ಜೊತೆಗೆ ಬರುತ್ತಿದ್ದ. "ರೈತ ಹೇಳಿದ್ದನ್ನ ನನಗೆ ಹೇಳೋನು, ನಾನು ಹೇಳಿದ್ದನ್ನ ರೈತನಿಗೆ ಹೇಳೋನು. ಮಧ್ಯದಲ್ಲಿ ತಂದು ಅಂತ ಒಂದಕ್ಷರ ಸೇರಿಸ್ತಿರಲಿಲ್ಲ. ಆತ ಇಲ್ಲದೇ ಇದ್ದಿದ್ರೆ ನಾನು ಎಷ್ಟು ಜನರ ಪಹಣಿ ಕೆಡಿಸಿರ್ತಿದ್ನೋ!"

ಸ್ಕ್ಯಾನರು ಕಂಪ್ಯೂಟರುಗಳನ್ನು ಒಂದುಗೂಡಿಸುವ ಕಷ್ಟ ಹಳೆಯದು. ಜಗತ್ತಿನಲ್ಲಿ ಮೊದಲ ಸಲ ಒಂದು ಭಾವಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದ್ದು 1957ರಲ್ಲಿ, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ಇಳಿಸಿದವರು ರಸೆಲ್ ಕಿರ್ಶ್. ಅವರು ಆರಿಸಿಕೊಂಡದ್ದು ಯಾವ ಮಹಾಪುರುಷನ ಚಿತ್ರವನ್ನೂ ಅಲ್ಲ, ಮೂರು ತಿಂಗಳ ತಮ್ಮ ಮಗುವಿನ ಫೋಟೋವನ್ನು. ಅಡ್ಡಕ್ಕೆ 176 ಚುಕ್ಕಿ, ಉದ್ದಕ್ಕೆ 176 ಚುಕ್ಕಿ, ಒಟ್ಟು ಮೂವತ್ತೊಂದು ಸಾವಿರಕ್ಕೆ ತುಸು ಕಡಿಮೆ. ಮಾವನ ಮೇಜಿನ ಮೇಲಿನ ಲಟ್ಟಣಿಗೆ ಒಂದು ಎ4 ಹಾಳೆಯನ್ನು 300 ಡಿಪಿಐಯಲ್ಲಿ ಓದಿದರೆ ಸುಮಾರು 87 ಲಕ್ಷ ಚುಕ್ಕಿಯಾಗುತ್ತದೆ. ಸ್ಕ್ಯಾನರುಗಳು ಮೇಜಿನ ಮೇಲೆ ಬರತೊಡಗಿದ ಮೇಲೆ ಒಂದೊಂದು ಕಂಪನಿಯದೂ ಒಂದೊಂದು ಭಾಷೆಯಾಗಿ ಜನ ಹೈರಾಣಾದರು. 1992ರಲ್ಲಿ ಕೆಲವು ಕಂಪನಿಗಳು ಸೇರಿ ಎಲ್ಲರಿಗೂ ಸಲ್ಲುವ ಒಂದು ಒಪ್ಪಂದದ ಭಾಷೆ ಮಾಡಿಕೊಂಡವು. ಅದರ ಹೆಸರು ಟ್ವೈನ್. ಹಳೆಯ ಇಂಗ್ಲಿಷಿನಲ್ಲಿ ‘ಎರಡು’ ಎಂದು ಅರ್ಥ. ಪೂರ್ವ ಪಶ್ಚಿಮಗಳ ಕುರಿತು ಕಿಪ್ಲಿಂಗ್ ಬರೆದ ಲಾವಣಿಯಿಂದ ಆ ಪದವನ್ನು ಎತ್ತಿಕೊಂಡರಂತೆ. ಇಂದಿಗೂ ಸ್ಕ್ಯಾನರಿನ ಡ್ರೈವರ್ ಹಾಕುವಾಗ ತೆರೆಯ ಮೇಲೆ ಆ ಹೆಸರು ಕಾಣುತ್ತದೆ. ನಾವು ಓದದೆ ಮುಂದೆ ಒತ್ತುತ್ತೇವೆ.

ಮಾವ ಹಾಗೆ ಒತ್ತುವವರಲ್ಲ. ಡಬ್ಬದಲ್ಲಿ ಒಂದು ಪುಟ್ಟ ಸಿ.ಡಿ. ಇತ್ತು, ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಡ್ರೈವರನ್ನು ಇಂಟರ್‌ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ನೆರೆಮನೆಯವಳಾಗಿ ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ. ಡ್ರೈವರ್ ಎಂದು ಹುಡುಕಿದ ಕೂಡಲೇ ದೊಡ್ಡ ಹಸಿರು ಗುಂಡಿ ತೋರಿಸಿ ಕರೆಯುವ ಜಾಗಗಳು ಎಷ್ಟೋ ಇವೆ. ಅಲ್ಲಿ ಒತ್ತಬೇಡಿ. ನಡುವೆ ಕೂರುವವನು ಎರಡು ಕಡೆಯ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ಅಂಥವನನ್ನು ದಾರಿಯಲ್ಲಿ ಸಿಕ್ಕವರ ಮಾತು ನಂಬಿ ಮನೆಯೊಳಗೆ ಕರೆಯಬಾರದು. ಯಂತ್ರ ಮಾಡಿದ ಕಂಪನಿಯ ಸ್ವಂತ ತಾಣಕ್ಕೇ ಹೋಗಬೇಕು, ಮಾದರಿಯ ಸಂಖ್ಯೆ ಕೊಟ್ಟೇ ಹುಡುಕಬೇಕು. ಆ ಸಂಖ್ಯೆ ಸ್ಕ್ಯಾನರಿನ ಹೊಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿತ್ತು. ಅತ್ತೆ ಪಂಚಾಂಗ ನೋಡುವ ಭೂತಗನ್ನಡಿ ತಂದು ಒಂದೊಂದೇ ಅಕ್ಷರ ಓದಿ ಹೇಳಿದರು. ಕೊನೆಯಲ್ಲಿದ್ದುದು ಸೊನ್ನೆಯೋ ‘ಓ’ ಅಕ್ಷರವೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

ಕಡತ ಇಳಿಯಿತು. ತೆರೆದ ಕೂಡಲೇ ತೆರೆ ಮಂಕಾಗಿ ಒಂದು ಚೌಕ ಬಂತು: ಈ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಒಪ್ಪುತ್ತೀರಾ? ನಾನಾಗಿದ್ದರೆ ಅರೆಕ್ಷಣದಲ್ಲಿ ‘ಯೆಸ್’ ಒತ್ತುತ್ತಿದ್ದೆ. ಮಾವ ನನ್ನ ಕೈ ತಡೆದು, ಕನ್ನಡಕ ಸರಿಮಾಡಿಕೊಂಡು, ಚೌಕದಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು. ಪ್ರಕಟಿಸಿದವರು ಎಂಬ ಕಡೆ ಇದ್ದ ಹೆಸರನ್ನು ಡಬ್ಬದ ಮೇಲಿನ ಹೆಸರಿಗೆ ಹೋಲಿಸಿ ನೋಡಿದರು. "ಮೂವತ್ನಾಲ್ಕು ವರ್ಷ ಸರ್ವೀಸಿನಲ್ಲಿ ಓದದೇ ಒಂದು ಕಾಗದಕ್ಕೂ ಸೈನ್ ಹಾಕಿಲ್ಲಮ್ಮ" ಎಂದರು. ಆ ಚೌಕ ಇರುವುದೇ ಅದಕ್ಕೆ. ಕಂಪ್ಯೂಟರಿನ ಒಳತಿರುಳಿನ ತನಕ ಹೋಗುವ ಡ್ರೈವರುಗಳಿಗೆ ಡಿಜಿಟಲ್ ಸಹಿ ಇರಲೇಬೇಕು ಎಂಬ ಕಟ್ಟಳೆ 2007ರಲ್ಲಿ ಬಂದ ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿಯಲ್ಲೇ ಬಂತು. ಸಹಿಯನ್ನು ಯಂತ್ರ ಪರೀಕ್ಷಿಸುತ್ತದೆ, ಹೆಸರನ್ನು ಮನುಷ್ಯ ಓದಬೇಕು. ಅಂದಿನಿಂದ ನಾನೂ ಓದುತ್ತಿದ್ದೇನೆ.

ಈ ಕೆಲಸಕ್ಕೆ ಒಂದು ಅನುಕ್ರಮವಿದೆ. ಬಹಳಷ್ಟು ಸ್ಕ್ಯಾನರುಗಳ ಕೈಪಿಡಿಯ ಮೊದಲ ಪುಟದಲ್ಲೇ ಬರೆದಿರುತ್ತದೆ: ಮೊದಲು ಡ್ರೈವರ್, ಆಮೇಲೆ ವೈರು. ನಮ್ಮದು ಉಲ್ಟಾ ಆಗಿತ್ತು. ಸ್ಕ್ಯಾನರನ್ನು ಸಿಕ್ಕಿಸಿದಾಗ ಅದು ನಾಲ್ಕು ನಾಲ್ಕು ಅಂಕಿ ಅಕ್ಷರಗಳ ಎರಡು ಗುರುತು ಹೇಳುತ್ತದೆ, ಒಂದು ಕಂಪನಿಯದು, ಇನ್ನೊಂದು ಮಾದರಿಯದು. ಹಳ್ಳಿಗೆ ಹೊಸಬರು ಬಂದರೆ ಕಟ್ಟೆಯ ಮೇಲಿನವರು "ಯಾವೂರಾಯ್ತು? ಯಾರ ಪೈಕಿ?" ಎಂದು ಕೇಳುತ್ತಾರಲ್ಲ, ಹಾಗೆ. ಆ ಪೈಕಿಯವರನ್ನು ಬಲ್ಲ ಡ್ರೈವರ್ ಒಳಗೆ ಮೊದಲೇ ಇದ್ದರೆ, ಬನ್ನಿ ಕೂತ್ಕೊಳ್ಳಿ ಎಂದು ಕರೆದುಕೊಳ್ಳುತ್ತದೆ. ಇಲ್ಲದಿದ್ದರೆ ಕಂಪ್ಯೂಟರು ತನಗೆ ತೋಚಿದ ಹೆಸರು ಕೊಟ್ಟು ಜಗಲಿಯಲ್ಲಿ ಕೂರಿಸುತ್ತದೆ, ಕೆಲವೊಮ್ಮೆ ಡ್ರೈವರ್ ಬಂದ ಮೇಲೂ ಹಾಗೇ ಕೂರಿಸಿರುತ್ತದೆ. ಅದಕ್ಕೇ ಹಳದಿ ತ್ರಿಕೋನದ ಸಾಲನ್ನು ಪಟ್ಟಿಯಿಂದ ತೆಗೆದು, ವೈರು ಕಿತ್ತು, ಡ್ರೈವರ್ ಹಾಕಿ, ಲ್ಯಾಪ್‌ಟಾಪನ್ನು ಒಮ್ಮೆ ಆರಿಸಿ ಹೊತ್ತಿಸಿ, ಮತ್ತೆ ವೈರು ಸಿಕ್ಕಿಸಿದೆವು. ಈ ಸಲ ಸ್ಕ್ಯಾನರು ತನ್ನ ಪೂರ್ತಿ ಹೆಸರಿನೊಂದಿಗೆ ಪಟ್ಟಿಯಲ್ಲಿ ಬಂದು ನಿಂತಿತು. ಅತ್ತೆ ಹಾಲಿನವನ ಬಿಲ್ಲು ತಂದು ಪರೀಕ್ಷೆಗೆ ಕೊಟ್ಟರು. ಚಿತ್ರ ಬಂತು, ಉದ್ದಕ್ಕೂ ಒಂದು ಕಪ್ಪು ಗೆರೆಯೊಂದಿಗೆ. ಗಾಜಿನ ಪಟ್ಟಿಯ ಮೇಲೆ ಒಂದು ಕಣ ಧೂಳು ಕೂತಿದ್ದರೂ ಸಾಕು, ಕಾಗದ ಸರಿಯುತ್ತ ಹೋದಂತೆ ಅದೇ ಧೂಳು ಗೆರೆಯಾಗುತ್ತದೆ. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿದೆವು, ಗೆರೆ ಹೋಯಿತು.

ಆಮೇಲೆ ಪಾಲುಪಟ್ಟಿ. ಮಾವ ಕೈ ತೊಳೆದು ಒರೆಸಿಕೊಂಡು ಟ್ರಂಕು ತೆಗೆದರು. ಹಳದಿಗಟ್ಟಿದ ಛಾಪಾ ಕಾಗದ, ನಾಲ್ಕು ಮಡಿಕೆ, ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿ. ಸೂಜಿಯನ್ನು ಮೆಲ್ಲಗೆ ಬಿಡಿಸಿದರು. ಇಂಥ ಕಾಗದವನ್ನು ನೇರವಾಗಿ ರೋಲರಿಗೆ ಕೊಟ್ಟರೆ ಮಡಿಕೆಯಲ್ಲಿ ಹರಿದೇ ಹೋದೀತು. ಸ್ಕ್ಯಾನರಿನ ಜೊತೆ ಬಂದ ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಯೊಳಗೆ ಮಲಗಿಸಿ ಕೊಟ್ಟೆವು. ತೆರೆಯ ಮೇಲೆ ಶಾಯಿಯ ಅಕ್ಷರಗಳು ಸಾಲು ಸಾಲಾಗಿ ಇಳಿದವು, ಚಕ್ಕುಬಂದಿ, ಸರ್ವೆ ನಂಬರು, ಬಾವಿಯ ಪಾಲು. ಕೊನೆಯ ಸಾಲುಗಳು ಮಾತ್ರ ಬರಲಿಲ್ಲ, ಸಹಿಗಳಿದ್ದ ಜಾಗವೇ ಇಲ್ಲ. ಮಾವನ ಮುಖ ಇಳಿಯಿತು. ಯಂತ್ರದ ತಪ್ಪಲ್ಲ ಅದು. ಡ್ರೈವರು ತಾನಾಗಿ ಎಲ್ಲ ಕಾಗದವನ್ನೂ ಎ4 ಎಂದು ಭಾವಿಸಿತ್ತು, ಅಂದರೆ 297 ಮಿಲಿಮೀಟರ್ ಉದ್ದ. ಹಳೆಯ ಛಾಪಾ ಕಾಗದ ಅದಕ್ಕಿಂತ ಉದ್ದ. ಅಳತೆಯನ್ನು ‘ಲೀಗಲ್’ ಎಂದು ಬದಲಿಸಿ ಇನ್ನೊಮ್ಮೆ ಕೊಟ್ಟೆವು. ಈ ಸಲ ಕಾಗದ ಕೊನೆಯ ತನಕ ಬಂತು. ಪಂಚರ ಸಹಿ, ಬರೆದವನ ಬಿಕ್ಕಲಂ, ಅದರ ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

"ಅಮ್ಮಂದು" ಎಂದರು ಮಾವ. ಮೌಸು ಹಿಡಿದು ಅದನ್ನು ದೊಡ್ಡದು ಮಾಡಿಕೊಟ್ಟೆ. ಬೆರಳಿನ ಸುಳಿಗಳು ಒಂದೊಂದೂ ಎಣಿಸುವ ಹಾಗೆ ಕಂಡವು. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. "ಈಳಿಗೆ ಮಣೇಲಿ ಕುಯ್ದುಕೊಂಡಿದ್ಲು" ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕಾಲದಲ್ಲಿ ಹಗಲು ರಾತ್ರಿ ತಾಳೆ ನೋಡಿದವರು ಅವರು. ಈಗ ‘ಭೂ ಸುರಕ್ಷಾ’ ಎಂದು ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿರುವುದನ್ನು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟವರು. ಸ್ವಂತ ಮನೆಯ ಕಾಗದವೊಂದು ಹೀಗೆ ಬೆಳಕಿಗೆ ಬಂದದ್ದು ಅವರಿಗೆ ಇದೇ ಮೊದಲು.

ಕಾಫಿ ಕುಡಿಯುವಾಗ ಬೀರುವಿನ ಮೇಲೆ ಹಳೆಯ ಪಂಚೆ ಹೊದಿಸಿಟ್ಟ ಇನ್ನೊಂದು ಸ್ಕ್ಯಾನರನ್ನು ತೋರಿಸಿದರು. ಪೆಟ್ಟಿಗೆಯಂಥ ಚಪ್ಪಟೆ ಯಂತ್ರ, ಮಗಳು ಕಾಲೇಜಿನಲ್ಲಿದ್ದಾಗ ಕೊಂಡದ್ದು. ಯಂತ್ರಕ್ಕೆ ಏನೂ ಆಗಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಲ್ಯಾಪ್‌ಟಾಪ್ ಬದಲಿಸಿದರು. ಹೊಸದಕ್ಕೆ ಆ ಹಳೆಯ ಮಾದರಿಯ ಡ್ರೈವರನ್ನು ಯಾರೂ ಬರೆದಿಲ್ಲ. ನಮ್ಮ ನಿಮ್ಮ ಮನೆಗಳ ಅಟ್ಟದ ಮೇಲೆ ಹೀಗೆ ಗಟ್ಟಿಮುಟ್ಟಾಗಿದ್ದೂ ದುಭಾಷಿಯಿಲ್ಲದೆ ಮೂಕವಾದ ಯಂತ್ರಗಳು ಎಷ್ಟಿವೆಯೋ. ಅದಕ್ಕೂ ದಾರಿಯಿದೆ ಎಂದು ಅವರಿಗೆ ಹೇಳಿದೆ. ಲಿನಕ್ಸ್‌ನಲ್ಲಿ ‘ಸೇನ್’ ಎಂಬ ಡ್ರೈವರುಗಳ ಸಂಗ್ರಹವಿದೆ. ಅದರಲ್ಲಿ ಎಷ್ಟೋ ಹಳೆಯ ಸ್ಕ್ಯಾನರುಗಳಿಗೆ ಇಂದಿಗೂ ಜೀವವಿದೆ. ಅವುಗಳಲ್ಲಿ ಬಹಳಷ್ಟನ್ನು ಬರೆದವರು ಸಂಬಳಕ್ಕಲ್ಲ. ತಮ್ಮ ಮನೆಯ ಸ್ಕ್ಯಾನರು ಮಾತಾಡಲೆಂದು ತಿಂಗಳುಗಟ್ಟಲೆ ಅದರ ಭಾಷೆ ಕಲಿತು, ಕಲಿತದ್ದನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟು ಹೋದರು.

ಅದರ ಹಿಂದೆ ಒಂದು ಹಳೆಯ ಪ್ರಸಂಗವಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಕಾಗದ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು, ದೂರದಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ. ರಿಚರ್ಡ್ ಸ್ಟಾಲ್ಮನ್ ಎಂಬ ತಂತ್ರಜ್ಞ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದರೆ ಎಲ್ಲರಿಗೂ ಸುದ್ದಿ ಹೋಗುವ ಹಾಗೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಮೂಲ ಬರಹ ಕೈಗೆ ಸಿಗಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರನ್ನು ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರಂತೆ. ಸ್ಟಾಲ್ಮನ್ನರಿಗೆ ಅದು ಮನಸ್ಸಿಗೆ ಬಹಳ ನಾಟಿತು. 1983ರಲ್ಲಿ ಅವರು ಗ್ನು ಯೋಜನೆಯನ್ನು ಘೋಷಿಸಿದರು, ಸ್ವತಂತ್ರ ತಂತ್ರಾಂಶದ ಚಳವಳಿ ಅಲ್ಲಿಂದ ಹೊರಟಿತು. ಮಾವ ಇದನ್ನು ಕೇಳಿ, "ಪಕ್ಕದವರು ಕೇಳಿದಾಗ ಇಲ್ಲ ಅನ್ನೋ ಹಾಗೆ ಮೊದಲೇ ಮಾತು ಕೊಟ್ಟು ಕೂತರೆ ಹೇಗಮ್ಮ?" ಎಂದರು, ನಿಜವಾಗಿ ನೊಂದುಕೊಂಡು.

ಹೊರಡಲು ಎದ್ದೆ. ಎದ್ದವಳಿಗೆ ಒಂದು ಯೋಚನೆ ಬಂತು. ಹಳೆಯ ಲ್ಯಾಪ್‌ಟಾಪಿಗೆ ಹಳೆಯ ಸ್ಕ್ಯಾನರನ್ನು ಜೋಡಿಸಿಕೊಟ್ಟವನು ಯಾರೋ ಪರಿಚಯದ ಹುಡುಗ. ಹತ್ತು ನಿಮಿಷದಲ್ಲಿ ಟಕಟಕ ಒತ್ತಿ ಮುಗಿಸಿ, ಕಾಫಿ ಕುಡಿದು ಹೋಗಿದ್ದ. ಒಳ್ಳೆಯ ಹುಡುಗನೇ. ಆದರೆ ಏನು ಮಾಡಿದನೆಂದು ಇವರಿಗೆ ತಿಳಿಯಲಿಲ್ಲ, ಅವನು ಪುಣೆಗೆ ಹೋದ ಮೇಲೆ ಕೇಳಲು ಸಂಕೋಚವಾಯಿತು. ನಾನೂ ಇವತ್ತು ಅಷ್ಟೇ ಮಾಡಿ ಹೊರಟಿದ್ದೆ. ಡ್ರೈವರನ್ನು ಒಂದು ಸಲ ಹಾಕಿದರೆ ಅದು ಅಲ್ಲೇ ಉಳಿಯುತ್ತದೆ. ಹಾಕಿದವರು ಮನೆಗೆ ಹೋದರೂ ನಾಳೆ, ನಾಡಿದ್ದು, ಮಧ್ಯರಾತ್ರಿಯಲ್ಲೂ ಕೆಲಸ ಮಾಡುತ್ತದೆ. ನಾನು ಹೋದ ಮೇಲೆ ಈ ಮನೆಯಲ್ಲಿ ಉಳಿಯುವುದೇನು?

"ಅತ್ತೆ, ಒಂದು ಕಾಗದ ಕೊಡಿ, ಬರೆದಿಟ್ಟು ಹೋಗ್ತೀನಿ" ಎಂದೆ. ಅವರು ಹಾಲಿನ ಲೆಕ್ಕದ ಪುಸ್ತಕ ತಂದರು. ಪೆನ್ನನ್ನು ಮಾತ್ರ ನನಗೆ ಕೊಡಲಿಲ್ಲ. "ನೀನು ಹೇಳು, ನಾನು ಬರ್ಕೋತೀನಿ. ನಿನ್ನ ಅಕ್ಷರ ನನಗೆ ಓದಕ್ಕಾಗಲ್ಲ" ಎಂದು ಕೊನೆಯ ಪುಟ ಬಿಡಿಸಿ ಕೂತರು. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯಲಿಲ್ಲ, ತಮಗೆ ತಿಳಿಯುವ ಹಾಗೆ ಬರೆದುಕೊಂಡರು. ‘ಬಿಳಿ ವೈರು. ಕರಿ ವೈರು ಬೇಡ, ಅದು ಮೂಗ.’ ‘ಟಣ್ ಅನ್ನೋ ತನಕ ಕಾಯಬೇಕು.’ ‘ಗುಂಡುಸೂಜಿ ತೆಗಿ.’ ‘ಹಳೇ ಕಾಗದ ಪ್ಲಾಸ್ಟಿಕ್ ಒಳಗೆ.’ ‘ಉದ್ದ ಕಾಗದ ಆದರೆ ಲೀಗಲ್, ಇಲ್ಲದಿದ್ದರೆ ಸೈನು ಹೋಗುತ್ತೆ.’ ‘ಗೆರೆ ಬಂದರೆ ಒರೆಸು.’ ಬರೆದು ಮುಗಿಸಿ, ವೈರು ಕಿತ್ತು ಎಲ್ಲವನ್ನೂ ಡಬ್ಬಕ್ಕೆ ಹಾಕಿ, ಮತ್ತೆ ಮೊದಲಿನಿಂದ ತಾವೇ ಮಾಡಿ ನೋಡಿದರು. ಒಂದು ಕಡೆ ತಡವರಿಸಿದರು. ಹೇಳಲು ನನ್ನ ಬಾಯಿ ತುದಿಯಲ್ಲಿತ್ತು, ಮಾವ ಕಣ್ಸನ್ನೆ ಮಾಡಿ ತಡೆದರು. ಅತ್ತೆ ಪುಸ್ತಕ ನೋಡಿದರು, ಹುಡುಕಿದರು, ಒತ್ತಿದರು. ನನ್ನ ತಿಂಡಿಯ ಹೊತ್ತು ಮೀರಿತ್ತು, ಅವರದೂ.

ಗುರುವಾರ ಮಧ್ಯಾಹ್ನ ಹಪ್ಪಳ ಒಣಗಿಸಲು ಹಿತ್ತಿಲಿಗೆ ಹೋದಾಗ ಗೋಡೆಯಾಚೆ ರೋಲರಿನ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಮಾವ ಆ ಹೊತ್ತಿನಲ್ಲಿ ಮಲಗಿರುತ್ತಾರೆ. ನನ್ನನ್ನು ಯಾರೂ ಕೂಗಲಿಲ್ಲ. ಹಪ್ಪಳವನ್ನು ಒಂದೊಂದಾಗಿ ಹರವುತ್ತ ಎಣಿಸಿದೆ, ಹನ್ನೊಂದು ಸಲ ಆಯಿತು.